ಹೆರಿಗೆಯಲ್ಲಿ ಉಸಿರಾಟದ ಕ್ರಮ

ಹೆರಿಗೆಯಲ್ಲಿ ಉಸಿರಾಟದ ಕ್ರಮ ಎಂದರೆ ಬೇನೆ ಬಂದಾಗ ಗರ್ಭಿಣಿಯು ತನ್ನ ಉಸಿರಿನ ಮೇಲೆ ಗಮನವಿಟ್ಟು, ಅದನ್ನು ನಿಧಾನಗೊಳಿಸಿ, ಮೈಯನ್ನು ಸಡಿಲಬಿಟ್ಟು ನೋವನ್ನು ಎದುರಿಸುವ ಅಭ್ಯಾಸ. ಔಷಧಿಯಿಲ್ಲದೆ ಹೆರಿಗೆ ನೋವನ್ನು ಸಹಿಸಿಕೊಳ್ಳಲು ಬಳಸುವ ವಿಧಾನಗಳಲ್ಲಿ ಇದು ಹೆಚ್ಚು ಪ್ರಚಾರದಲ್ಲಿರುವಂಥದ್ದು. 20ನೆಯ ಶತಮಾನದ ಮಧ್ಯಭಾಗದಲ್ಲಿ ಇಂಗ್ಲೆಂಡ್, ಸೋವಿಯತ್ ಒಕ್ಕೂಟ ಮತ್ತು ಫ್ರಾನ್ಸ್ ದೇಶಗಳಲ್ಲಿ ಇದು ಪಾಠಕ್ರಮದ ರೂಪವನ್ನು ಪಡೆಯಿತು. ಇಂದು ಕರ್ನಾಟಕದಲ್ಲಿ ಇದು ಮುಖ್ಯವಾಗಿ ಎರಡು ದಾರಿಗಳಿಂದ ತಾಯಂದಿರನ್ನು ತಲುಪುತ್ತಿದೆ: ಒಂದು, ಆಸ್ಪತ್ರೆಗಳು ನಡೆಸುವ ಪ್ರಸವಪೂರ್ವ ತರಗತಿಗಳು, ಇನ್ನೊಂದು, ಯೋಗ. ಈ ಎರಡಕ್ಕೂ ಬಹಳ ಹಿಂದೆಯೇ, ಬೇನೆ ತಿನ್ನುವ ಹೆಂಗಸಿನ ಪಕ್ಕದಲ್ಲಿ ಕುಳಿತು ಧೈರ್ಯ ಹೇಳುತ್ತಿದ್ದ ಸೂಲಗಿತ್ತಿಯ ಪರಂಪರೆ ನಾಡಿನಲ್ಲಿತ್ತು.

ಉಸಿರಾಟದ ಕ್ರಮವು ನೋವನ್ನು ಇಲ್ಲವಾಗಿಸುವುದಿಲ್ಲ. ಭಯವನ್ನು ತಗ್ಗಿಸಿ, ಒಂದೊಂದೇ ಬೇನೆಯನ್ನು ದಾಟಲು ಅದು ನೆರವಾಗುತ್ತದೆ. ಪಕ್ಕದಲ್ಲಿ ನಂಬಿಕೆಯ ಒಬ್ಬರಿದ್ದಾಗ ಈ ನೆರವು ಹೆಚ್ಚು ಫಲ ಕೊಡುತ್ತದೆ ಎಂಬುದು ಈ ವಿಧಾನದ ಇತಿಹಾಸದುದ್ದಕ್ಕೂ ಕಂಡುಬರುವ ಸಂಗತಿ.

ಪದಗಳ ಅರ್ಥ

'ಸಹಜ ಹೆರಿಗೆ' ಎಂಬ ಮಾತನ್ನು ಬೇರೆ ಬೇರೆಯವರು ಬೇರೆ ಬೇರೆ ಅರ್ಥದಲ್ಲಿ ಬಳಸುತ್ತಾರೆ. ಕರ್ನಾಟಕದ ಮನೆಗಳಲ್ಲಿ 'ನಾರ್ಮಲ್ ಆಯಿತು' ಎಂದರೆ ಸಿಸೇರಿಯನ್ ಆಗಲಿಲ್ಲ ಎಂದಷ್ಟೇ ಅರ್ಥ. ಬೇನೆ ಬರಿಸಲು ಡ್ರಿಪ್ ಹಾಕಿದ್ದರೂ, ಯೋನಿದ್ವಾರದ ಬಳಿ ಕೊಯ್ದು ಹೊಲಿಗೆ ಹಾಕಿದ್ದರೂ ಅದು 'ನಾರ್ಮಲ್' ಎಂದೇ ಎನಿಸಿಕೊಳ್ಳುತ್ತದೆ. ಉಸಿರಾಟದ ಕ್ರಮವನ್ನು ಬೋಧಿಸುವವರು ಹೇಳುವ ಸಹಜ ಹೆರಿಗೆ ಇದಕ್ಕಿಂತ ಕಿರಿದಾದ ಅರ್ಥದ್ದು: ಬೇನೆ ತಾನಾಗಿ ಬಂದು, ನೋವು ಕಳೆಯುವ ಔಷಧಿಯಿಲ್ಲದೆ, ತಾಯಿಯ ಸ್ವಂತ ಶಕ್ತಿಯಿಂದಲೇ ಮಗು ಹುಟ್ಟುವುದು. ಇಬ್ಬರು ಬಾಣಂತಿಯರು ತಮ್ಮ ಹೆರಿಗೆಯನ್ನು ಒಂದೇ ಹೆಸರಿನಿಂದ ಕರೆದರೂ ಅವರ ಅನುಭವಗಳು ತೀರ ಬೇರೆಯಾಗಿರಲು ಇದೂ ಒಂದು ಕಾರಣ.

'ಸೂಲು' ಎಂಬುದು ಹೆರಿಗೆಯನ್ನು ಸೂಚಿಸುವ ಹಳೆಯ ಕನ್ನಡ ಪದ. ಹೂವಾಡಗಿತ್ತಿ, ಒಕ್ಕಲಗಿತ್ತಿ ಎಂಬಲ್ಲಿರುವ ಪ್ರತ್ಯಯವೇ 'ಸೂಲಗಿತ್ತಿ'ಯಲ್ಲಿಯೂ ಇದೆ. 'ನೋವು ಅನುಭವಿಸು' ಎನ್ನುವ ಬದಲು 'ಬೇನೆ ತಿನ್ನು' ಎಂದು ಹೇಳುವ ರೂಢಿ ಹಳ್ಳಿಗಳಲ್ಲಿ ಇಂದಿಗೂ ಇದೆ. ಹೆರಿಗೆಯ ಕೊನೆಯ ಹಂತದಲ್ಲಿ ಮಗುವನ್ನು ಹೊರದೂಡಲು ಬಲ ಬಿಡುವುದಕ್ಕೆ 'ಮುಕ್ಕುವುದು' ಎನ್ನುತ್ತಾರೆ. ಹೆರಿಗೆ ಕೋಣೆಯ ದಾದಿಯರೂ ಇದೇ ಪದವನ್ನು ಬಳಸುವುದುಂಟು.

ಬೇನೆಗೂ ಉಸಿರಿಗೂ ಇರುವ ಸಂಬಂಧ

ಹೆರಿಗೆ ಬೇನೆಯು ಎಡೆಬಿಡದ ನೋವಲ್ಲ. ಗರ್ಭಕೋಶದ ಸ್ನಾಯುಗಳು ಬಿಗಿದುಕೊಳ್ಳಲಾರಂಭಿಸಿದಾಗ ನೋವು ಮೆಲ್ಲನೆ ಏರುತ್ತದೆ, ಶಿಖರವನ್ನು ಮುಟ್ಟುತ್ತದೆ, ಮತ್ತೆ ಇಳಿಯುತ್ತದೆ. ಬೇನೆ ಬಲವಾದಾಗ ಒಂದು ಏರಿಳಿತಕ್ಕೆ ಸುಮಾರು ಒಂದು ನಿಮಿಷ ಹಿಡಿಯುತ್ತದೆ. ಅದಾದ ಮೇಲೆ ಬಿಡುವು. ಆರಂಭದಲ್ಲಿ ಈ ಬಿಡುವು ಹತ್ತು ಹದಿನೈದು ನಿಮಿಷಗಳಷ್ಟಿರಬಹುದು. ಹೆರಿಗೆ ಮುಂದುವರಿದಂತೆ ಎರಡು ಮೂರು ನಿಮಿಷಕ್ಕೆ ಇಳಿಯುತ್ತದೆ. ಉಸಿರಾಟದ ಕ್ರಮ ನಿಂತಿರುವುದು ಈ ಏರಿಳಿತದ ಮೇಲೆಯೇ. ಹತ್ತು ಗಂಟೆಗಳ ನೋವನ್ನು ಒಟ್ಟಾಗಿ ನೆನೆದರೆ ಯಾರಿಗಾದರೂ ಎದೆಯೊಡೆಯುತ್ತದೆ. ಆದರೆ ಒಂದು ನಿಮಿಷದಲ್ಲಿ ಎಳೆದು ಬಿಡುವ ನಿಧಾನದ ಉಸಿರುಗಳು ಏಳೆಂಟು ಮಾತ್ರ. ಅಷ್ಟನ್ನು ಮುಗಿಸಿದರೆ ಆ ಬೇನೆ ಮುಗಿಯಿತು.

ಹೆದರಿದ ಮನುಷ್ಯ ಉಸಿರು ಬಿಗಿಹಿಡಿಯುತ್ತಾನೆ, ಇಲ್ಲವೇ ಏದುಸಿರು ಬಿಡುತ್ತಾನೆ. ಬಿಗಿಹಿಡಿದರೆ ದವಡೆ, ಭುಜ, ತೊಡೆಗಳೆಲ್ಲ ಸೆಟೆದುಕೊಂಡು ಆಯಾಸ ಬೇಗನೆ ಆವರಿಸುತ್ತದೆ. ಏದುಸಿರು ಹೆಚ್ಚಾದರೆ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಪ್ರಮಾಣ ತಗ್ಗಿ ತಲೆ ಸುತ್ತುತ್ತದೆ. ತುಟಿ ಮತ್ತು ಬೆರಳ ತುದಿಗಳು ಜುಮ್ಮೆನ್ನುತ್ತವೆ. ನಿಧಾನವಾದ, ಅದರಲ್ಲಿಯೂ ಎಳೆದುಕೊಳ್ಳುವುದಕ್ಕಿಂತ ಬಿಡುವುದು ದೀರ್ಘವಾಗಿರುವ ಉಸಿರು ಈ ಎರಡನ್ನೂ ತಡೆಯುತ್ತದೆ. ಗಮನವು ಉಸಿರಿನ ಎಣಿಕೆಯಲ್ಲಿ ನೆಲೆಸುವುದರಿಂದ ನೋವಿನ ಅರಿವೂ ಸ್ವಲ್ಪಮಟ್ಟಿಗೆ ಮಸುಕಾಗುತ್ತದೆ. ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ 1965ರಲ್ಲಿ ಮಂಡಿಸಿದ 'ದ್ವಾರ ನಿಯಂತ್ರಣ' ಸಿದ್ಧಾಂತವನ್ನು ಇದಕ್ಕೆ ವಿವರಣೆಯಾಗಿ ಉಲ್ಲೇಖಿಸುವುದುಂಟು. ನೋವಿನ ಸಂಕೇತಗಳು ಮಿದುಳನ್ನು ಮುಟ್ಟುವ ಮೊದಲೇ ಬೆನ್ನುಹುರಿಯಲ್ಲಿ ತಡೆಗೊಳಗಾಗಬಲ್ಲವು, ಮನಸ್ಸಿನ ಸ್ಥಿತಿಯೂ ಆ ತಡೆಯ ಮೇಲೆ ಪ್ರಭಾವ ಬೀರುತ್ತದೆ ಎಂಬುದು ಆ ಸಿದ್ಧಾಂತದ ಸಾರ.

ಇತಿಹಾಸ

ಇಂಗ್ಲೆಂಡಿನ ವೈದ್ಯ ಗ್ರಾಂಟ್ಲಿ ಡಿಕ್-ರೀಡ್ 1933ರಲ್ಲಿ ಸಹಜ ಹೆರಿಗೆಯ ಕುರಿತು ಗ್ರಂಥವೊಂದನ್ನು ಪ್ರಕಟಿಸಿದರು. ಲಂಡನ್ನಿನ ವೈಟ್‌ಚಾಪೆಲ್‌ನ ಬಡ ಹೆಂಗಸೊಬ್ಬಳು ತಾವು ನೀಡಲು ಹೋದ ಕ್ಲೋರೋಫಾರ್ಮನ್ನು ಬೇಡವೆಂದು, ನೆಮ್ಮದಿಯಿಂದ ಹೆತ್ತ ಪ್ರಸಂಗವೇ ತಮ್ಮ ಚಿಂತನೆಯ ಮೂಲವೆಂದು ಅವರು ಹೇಳಿಕೊಂಡಿದ್ದಾರೆ. ಭಯದಿಂದ ಬಿಗಿತ, ಬಿಗಿತದಿಂದ ನೋವು, ನೋವಿನಿಂದ ಮತ್ತೆ ಭಯ: ಈ ಚಕ್ರವನ್ನು ಮುರಿಯಬೇಕೆಂಬುದು ಅವರ ವಾದವಾಗಿತ್ತು. ನಾಗರಿಕತೆಯೇ ನೋವಿಗೆ ಕಾರಣವೆಂಬಂತಹ ಅವರ ಕೆಲವು ಮಾತುಗಳು ಇಂದು ಒಪ್ಪತಕ್ಕವಲ್ಲವಾದರೂ, ಭಯಕ್ಕೂ ನೋವಿಗೂ ಅವರು ತೋರಿಸಿದ ನಂಟು ಉಳಿದುಕೊಂಡಿದೆ.

ಇದೇ ಅವಧಿಯಲ್ಲಿ ಸೋವಿಯತ್ ಒಕ್ಕೂಟದ ವೈದ್ಯರು ಪಾವ್ಲೊವ್‌ನ ಅಭ್ಯಾಸಬಲದ ಸಿದ್ಧಾಂತವನ್ನು ಹೆರಿಗೆಗೆ ಅನ್ವಯಿಸಿದರು. ಗಂಟೆಯ ಸದ್ದಿಗೆ ನಾಯಿ ಜೊಲ್ಲು ಸುರಿಸಲು ಕಲಿಯುವುದಾದರೆ, ಬೇನೆಯ ಸೂಚನೆ ಸಿಕ್ಕೊಡನೆ ನಿಧಾನವಾಗಿ ಉಸಿರಾಡಲು ತಾಯಿ ಕಲಿಯಬಾರದೇಕೆ ಎಂಬುದು ಅವರ ತರ್ಕ. 1951ರಲ್ಲಿ ಆ ದೇಶಕ್ಕೆ ಭೇಟಿ ನೀಡಿದ ಫ್ರಾನ್ಸಿನ ಪ್ರಸೂತಿ ತಜ್ಞ ಫರ್ನಾಂಡ್ ಲಮಾಜ್, ತಾವು ಕಂಡ ಹೆರಿಗೆಯಿಂದ ಪ್ರಭಾವಿತರಾಗಿ, ಪ್ಯಾರಿಸ್ಸಿನ ಲೋಹ ಕಾರ್ಮಿಕರ ಸಂಘಕ್ಕೆ ಸೇರಿದ ಹೆರಿಗೆ ಆಸ್ಪತ್ರೆಯಲ್ಲಿ ಆ ಕ್ರಮವನ್ನು ಜಾರಿಗೆ ತಂದರು. ಅವರ ಹೆಸರೇ ವಿಧಾನಕ್ಕೂ ನಿಂತಿತು. ಅವರ ಆರೈಕೆಯಲ್ಲಿ ಹೆತ್ತ ಅಮೆರಿಕದ ಮಾರ್ಜೊರಿ ಕಾರ್ಮೆಲ್ 1959ರಲ್ಲಿ ತಮ್ಮ ಅನುಭವವನ್ನು ಪುಸ್ತಕವಾಗಿ ಬರೆದರು. ಮರುವರ್ಷ ಅವರೂ ಎಲಿಸಬೆತ್ ಬಿಂಗ್ ಅವರೂ ಸೇರಿ ಅಮೆರಿಕದಲ್ಲಿ ಈ ಶಿಕ್ಷಣಕ್ಕೊಂದು ಸಂಸ್ಥೆಯನ್ನು ಕಟ್ಟಿದರು. ಒಬ್ಬ ತಾಯಿ ಬರೆದುಕೊಂಡ ಅನುಭವವು ವಿಧಾನವೊಂದನ್ನು ಖಂಡಾಂತರಕ್ಕೆ ಒಯ್ದುದು ಗಮನಾರ್ಹ.

ಆರಂಭದ ಲಮಾಜ್ ತರಗತಿಗಳಲ್ಲಿ ಎಣಿಕೆಗೆ ತಕ್ಕಂತೆ ವೇಗದ, ಮೇಲುಸಿರಿನ ಕ್ರಮಗಳನ್ನು ಕಲಿಸಲಾಗುತ್ತಿತ್ತು. ಚಲನಚಿತ್ರಗಳಲ್ಲಿ ಕಾಣುವ 'ಹೀ-ಹೀ-ಹೂ' ಸದ್ದು ಅದರದೇ ಕುರುಹು. ಈಗಿನ ಲಮಾಜ್ ಶಿಕ್ಷಣವು ಇಂತಹ ಕಟ್ಟುನಿಟ್ಟಿನ ಲಯಕ್ಕೆ ಅಂಟಿಕೊಂಡಿಲ್ಲ. ತಾಯಿಗೆ ಒಗ್ಗುವ ಲಯವೇ ಸರಿಯಾದ ಲಯ ಎನ್ನುತ್ತದೆ.

ಕರ್ನಾಟಕದಲ್ಲಿ ಸೂಲಗಿತ್ತಿಯರು

ಕೊಡಿಗೇಹಳ್ಳಿ, ಹೆಬ್ಬಾಳ, ಯಲಹಂಕಗಳು ಬೆಂಗಳೂರಿನ ಬಡಾವಣೆಗಳಾಗುವ ಮೊದಲು ಹೊಲಗದ್ದೆ, ಕೆರೆಗಳ ಊರುಗಳಾಗಿದ್ದವು. ನಾಡಿನ ಉಳಿದ ಹಳ್ಳಿಗಳಂತೆ ಇಂತಹ ಊರುಗಳಲ್ಲಿಯೂ ಹೆರಿಗೆ ಮನೆಯಲ್ಲೇ ಆಗುತ್ತಿತ್ತು. ಅದನ್ನು ಮಾಡಿಸುತ್ತಿದ್ದವರು ಸೂಲಗಿತ್ತಿಯರು. ಈ ಪರಂಪರೆಯ ಅತ್ಯಂತ ಪ್ರಸಿದ್ಧ ಹೆಸರು ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ. 1920ರಲ್ಲಿ ಜನಿಸಿದ ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಈ ವಿದ್ಯೆಯನ್ನು ತಮ್ಮ ಅಜ್ಜಿಯಿಂದ ಕಲಿತು, ಸುಮಾರು ಇಪ್ಪತ್ತನೆಯ ವಯಸ್ಸಿನಲ್ಲಿ ಚಿಕ್ಕಮ್ಮನ ಹೆರಿಗೆಯಲ್ಲಿ ನೆರವಾಗುವ ಮೂಲಕ ಆರಂಭಿಸಿದರು. ಏಳು ದಶಕಗಳ ಅವಧಿಯಲ್ಲಿ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಹಣ ಪಡೆಯದೆ ಮಾಡಿಸಿದ ಕೀರ್ತಿ ಅವರದು. 2014ರಲ್ಲಿ ತುಮಕೂರು ವಿಶ್ವವಿದ್ಯಾನಿಲಯವು ಗೌರವ ಡಾಕ್ಟರೇಟ್ ಪದವಿಯನ್ನೂ, 2018ರಲ್ಲಿ ಭಾರತ ಸರ್ಕಾರವು ಪದ್ಮಶ್ರೀ ಪ್ರಶಸ್ತಿಯನ್ನೂ ನೀಡಿ ಗೌರವಿಸಿದವು. ಅದೇ ವರ್ಷ ಡಿಸೆಂಬರ್ 25ರಂದು ಬೆಂಗಳೂರಿನಲ್ಲಿ ಅವರು ನಿಧನರಾದರು.

ಸೂಲಗಿತ್ತಿಯರು 'ಉಸಿರಾಟದ ತಂತ್ರ' ಎಂಬ ಹೆಸರಿಟ್ಟು ಏನನ್ನೂ ಕಲಿಸಲಿಲ್ಲ. ಬೇನೆ ತಿನ್ನುವವಳನ್ನು ಮಲಗಿಸಿಬಿಡದೆ ಓಡಾಡಿಸುವುದು, ಸೊಂಟ ನೀವುವುದು, ಕುಕ್ಕರುಗಾಲಿನಲ್ಲಿ ಕೂರಿಸುವುದು, ಹೊತ್ತಿಗೆ ಮುಂಚೆ ಮುಕ್ಕದಂತೆ ತಡೆಯುವುದು, ಎಲ್ಲಕ್ಕಿಂತ ಮಿಗಿಲಾಗಿ ಪಕ್ಕ ಬಿಟ್ಟು ಏಳದಿರುವುದು ಅವರ ಪದ್ಧತಿಯಾಗಿತ್ತು. 'ಬಾಯಿ ಬಿಟ್ಟು ಉಸಿರು ಬಿಡು' ಎಂಬ ಒಂದು ಮಾತಿನಲ್ಲಿ ಇಂದಿನ ತರಗತಿಯೊಂದರ ಅರ್ಧ ಪಾಠ ಅಡಗಿದೆ ಎಂದರೆ ತಪ್ಪಾಗಲಾರದು.

ಆದರೆ ಆ ಕಾಲವನ್ನು ಬರಿಯ ಹೊಗಳಿಕೆಯಿಂದ ಕಾಣುವಂತಿಲ್ಲ. ರಕ್ತಸ್ರಾವ ನಿಲ್ಲದಾದಾಗ, ಮಗು ಅಡ್ಡವಾಗಿದ್ದಾಗ, ಬಾಣಂತಿಗೆ ನಂಜೇರಿದಾಗ ಅನುಭವಿ ಸೂಲಗಿತ್ತಿಯೂ ಅಸಹಾಯಕಳಾಗುತ್ತಿದ್ದಳು. ಮಾದರಿ ನೋಂದಣಿ ಸಮೀಕ್ಷೆಯ ಪ್ರಕಾರ 2001-03ರ ಅವಧಿಯಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಸಜೀವ ಜನನಗಳಿಗೆ 228 ತಾಯಂದಿರು ಸಾಯುತ್ತಿದ್ದರು. 2018-20ರ ವೇಳೆಗೆ ಈ ಸಂಖ್ಯೆ 69ಕ್ಕೆ ಇಳಿಯಿತು. ಈ ಇಳಿಕೆಯಲ್ಲಿ ಆಸ್ಪತ್ರೆ ಹೆರಿಗೆಯ ಪಾತ್ರ ದೊಡ್ಡದು.

ಆಸ್ಪತ್ರೆಯ ಹೆರಿಗೆ

ಬೆಂಗಳೂರಿನಲ್ಲಿ ಹೆಂಗಸರಿಗೂ ಮಕ್ಕಳಿಗೂ ಮೀಸಲಾದ ವಾಣಿವಿಲಾಸ ಆಸ್ಪತ್ರೆ 1935ರಲ್ಲಿ ಆರಂಭವಾಯಿತು. ಹಳ್ಳಿಗಾಡಿನಲ್ಲಿ ಬದಲಾವಣೆ ವೇಗ ಪಡೆದದ್ದು ಬಹಳ ತಡವಾಗಿ: 2005ರ ಜನನಿ ಸುರಕ್ಷಾ ಯೋಜನೆ, ಆಶಾ ಕಾರ್ಯಕರ್ತೆಯರು, ತಾಯಿ ಕಾರ್ಡ್, 108 ಆಂಬುಲೆನ್ಸ್ ಇವೆಲ್ಲ ಬಂದ ಮೇಲೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ರಾಜ್ಯದ ಶೇಕಡ 97ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗಿವೆ. ಅದೇ ಸಮೀಕ್ಷೆಯು ಸಿಸೇರಿಯನ್ ಪ್ರಮಾಣ ಶೇಕಡ 31ನ್ನು ಮೀರಿರುವುದನ್ನೂ ತೋರಿಸುತ್ತದೆ.

ಜೀವ ಉಳಿಸಿದ ಈ ಬದಲಾವಣೆಯಲ್ಲಿ ಕಳೆದುಹೋದದ್ದೂ ಒಂದಿದೆ. ಮನೆಯಲ್ಲಿ ಹೆರುತ್ತಿದ್ದ ಹೆಂಗಸಿನ ಸುತ್ತ ಸೂಲಗಿತ್ತಿ, ತಾಯಿ, ಅತ್ತೆ, ನೆರೆಯವರು ಇರುತ್ತಿದ್ದರು. ಆಸ್ಪತ್ರೆಯ ಹೆರಿಗೆ ಕೋಣೆಯೊಳಗೆ ಅವಳು ಒಂಟಿಯಾದಳು. ತಾಯಿ ಬಾಗಿಲಾಚೆಯ ಬೆಂಚಿನ ಮೇಲೆ ಉಳಿದಳು. ಅಂಗಾತ ಮಲಗಿ, ಪಕ್ಕದ ಮಂಚದ ಕೂಗು ಕೇಳುತ್ತ, ಗದರಿಕೆಗೂ ಸಿದ್ಧಳಾಗಿ ಹೆರುವ ಸ್ಥಿತಿ ಹಲವೆಡೆ ರೂಢಿಯಾಯಿತು. ಉಸಿರಾಟದ ಕ್ರಮದ ಬಗೆಗಿನ ಇಂದಿನ ಆಸಕ್ತಿಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಆಸ್ಪತ್ರೆಯ ರಕ್ಷಣೆಯನ್ನು ಬಿಡದೆ, ಅಲ್ಲಿ ಇಲ್ಲವಾದ ಧೈರ್ಯವನ್ನು ಮರಳಿ ಪಡೆಯುವ ಪ್ರಯತ್ನ ಇದು.

ಬೆಂಗಳೂರಿನ ಅಧ್ಯಯನ

ಬೆಂಗಳೂರಿನ ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನದ ಸಂಶೋಧಕರು ನಗರದ ಗುಣಶೀಲ ಹೆರಿಗೆ ಆಸ್ಪತ್ರೆಗೆ ಬರುತ್ತಿದ್ದ 335 ಗರ್ಭಿಣಿಯರ ಮೇಲೆ ನಡೆಸಿದ ಅಧ್ಯಯನವು 2005ರಲ್ಲಿ ಪ್ರಕಟವಾಯಿತು. ಗರ್ಭದ 18ರಿಂದ 20ನೆಯ ವಾರದ ನಡುವೆ ಸೇರಿಸಿಕೊಂಡ ಇವರಲ್ಲಿ 169 ಮಂದಿ ದಿನಕ್ಕೆ ಒಂದು ಗಂಟೆಯಂತೆ ಹೆರಿಗೆಯವರೆಗೂ ಸರಳ ಆಸನ, ಉಸಿರಾಟ ಮತ್ತು ಧ್ಯಾನವನ್ನು ಅಭ್ಯಾಸ ಮಾಡಿದರು. ಉಳಿದ 166 ಮಂದಿ ದಿನಕ್ಕೆರಡು ಬಾರಿ ಅರ್ಧ ಗಂಟೆ ನಡೆದರು. ಯೋಗ ಮಾಡಿದ ಗುಂಪಿನಲ್ಲಿ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಹೆಚ್ಚು ತೂಕದ ಶಿಶುಗಳು ಹೆಚ್ಚಾಗಿದ್ದವು; ಅವಧಿಗೆ ಮುಂಚಿನ ಬೇನೆ ಕಡಿಮೆಯಿತ್ತು.

ಇದರಿಂದ ತೀರ್ಮಾನಕ್ಕೆ ಬರುವಾಗ ಎರಡು ವಿಷಯಗಳನ್ನು ನೆನಪಿಡಬೇಕು. ಗುಂಪುಗಳನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ವಿಂಗಡಿಸಿರಲಿಲ್ಲ. ಅಲ್ಲದೆ ಈ ಫಲಿತಾಂಶಗಳು ಶಿಶುವಿನ ತೂಕ ಮತ್ತು ಗರ್ಭಕಾಲದ ತೊಡಕುಗಳಿಗೆ ಸಂಬಂಧಿಸಿದವೇ ಹೊರತು ಬೇನೆಯ ನೋವಿಗಲ್ಲ. ನೋವಿನ ಬಗ್ಗೆ ಥಾಯ್ಲೆಂಡಿನಲ್ಲಿ 74 ಚೊಚ್ಚಲ ಗರ್ಭಿಣಿಯರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಯೋಗ ಕಲಿತವರಿಗೆ ನೋವು ಕಡಿಮೆಯೆನಿಸಿತು, ಹೆರಿಗೆಯ ಮೊದಲ ಹಂತವೂ ಬೇಗ ಮುಗಿಯಿತು. ಇಂತಹ ಪ್ರಯೋಗಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದ 2018ರ ಕಾಕ್ರೇನ್ ವಿಮರ್ಶೆಯು ಪ್ರಯೋಜನದ ಸಾಧ್ಯತೆಯನ್ನು ಒಪ್ಪಿಕೊಂಡರೂ ಆಧಾರಗಳ ಗುಣಮಟ್ಟ ಕೆಳಮಟ್ಟದ್ದೆಂದಿತು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯು, ನೋವಿನಿಂದ ಬಿಡುಗಡೆ ಬಯಸುವ ಆರೋಗ್ಯವಂತ ತಾಯಂದಿರಿಗೆ ಉಸಿರಾಟ, ಸ್ನಾಯು ಸಡಿಲಿಕೆ, ಸಂಗೀತ ಮುಂತಾದವನ್ನು ಅವರ ಇಚ್ಛೆಗೆ ಅನುಗುಣವಾಗಿ ಒದಗಿಸಬಹುದೆಂದು ಶಿಫಾರಸು ಮಾಡಿತು.

ಅಭ್ಯಾಸದ ರೀತಿ

ಅಭ್ಯಾಸವನ್ನು ಬೇನೆ ಬಂದ ದಿನ ಆರಂಭಿಸಿದರೆ ಪ್ರಯೋಜನ ಅಲ್ಪ. ಏಳನೆಯ ತಿಂಗಳಿನಿಂದಾದರೂ ದಿನವೂ ಹತ್ತು ಹದಿನೈದು ನಿಮಿಷ ರೂಢಿಸಿಕೊಳ್ಳುವುದು ಒಳ್ಳೆಯದು. ಬೆನ್ನಿಗೆ ಆಸರೆಯಿಟ್ಟು ಕುಳಿತು, ಮೂಗಿನಿಂದ ನಾಲ್ಕು ಎಣಿಸುವಷ್ಟು ಹೊತ್ತು ಉಸಿರೆಳೆದು, ಆರು ಎಣಿಸುವಷ್ಟು ಹೊತ್ತು ಬಾಯಿಂದ ಮೆಲ್ಲನೆ ಬಿಡುವುದು ಸರಳವಾದ ಕ್ರಮ. ಬಿಡುವಾಗ ಹುಬ್ಬು, ದವಡೆ, ಭುಜ, ಅಂಗೈಗಳು ಸಡಿಲವಾಗಿವೆಯೇ ಎಂದು ಒಂದೊಂದಾಗಿ ನೋಡಿಕೊಳ್ಳಬೇಕು. ಭ್ರಾಮರಿಯಂತೆ ಗುಂಯ್‌ಗುಡುತ್ತ ಉಸಿರು ಬಿಡುವುದೂ ಹಲವರಿಗೆ ಹಿತವಾಗುತ್ತದೆ. ಕಪಾಲಭಾತಿ, ಭಸ್ತ್ರಿಕೆ ಮತ್ತು ಉಸಿರು ಕಟ್ಟುವ ಕುಂಭಕವನ್ನು ಗರ್ಭಿಣಿಯರು ಮಾಡಬಾರದೆಂದು ಯೋಗಶಿಕ್ಷಕರು ಸಾಮಾನ್ಯವಾಗಿ ಎಚ್ಚರಿಸುತ್ತಾರೆ.

ಬೇನೆ ಆರಂಭವಾದಾಗ, ಮಾತಾಡುತ್ತ ಓಡಾಡಿಕೊಂಡಿರಲು ಸಾಧ್ಯವಿರುವಷ್ಟು ಹೊತ್ತು ಯಾವ ಕ್ರಮವೂ ಬೇಕಿಲ್ಲ. ಮೊದಲ ಗಂಟೆಯಿಂದಲೇ ಎಣಿಸತೊಡಗಿದವರು ನಡುದಾರಿಯಲ್ಲಿ ದಣಿಯುತ್ತಾರೆ. ಮಾತು ತಾನಾಗಿ ನಿಲ್ಲುವಷ್ಟು ಬೇನೆ ಬಲಿತಾಗ, ಅದರ ಆರಂಭದಲ್ಲಿ ಒಂದು ದೀರ್ಘ ಉಸಿರು, ನಡುವೆ ನಿಧಾನದ ಲಯ, ಇಳಿದ ಮೇಲೆ ಇನ್ನೊಂದು ದೀರ್ಘ ಉಸಿರು. ಬಿಡುವಿನಲ್ಲಿ ನೀರು ಗುಟುಕರಿಸಿ ಕಣ್ಣು ಮುಚ್ಚುವುದೂ ಕ್ರಮದ ಭಾಗವೇ.

ಗರ್ಭಕೋಶದ ಬಾಯಿ ಪೂರ್ತಿ, ಅಂದರೆ ಹತ್ತು ಸೆಂಟಿಮೀಟರ್ ತೆರೆಯುವ ಮುನ್ನಿನ ಅವಧಿ ಎಲ್ಲಕ್ಕಿಂತ ಕಠಿಣ. ಒಂದರ ಬೆನ್ನಿಗೆ ಒಂದು ಬೇನೆ ಬರುತ್ತದೆ, ನಡುಕ, ವಾಂತಿ ಕಾಣಿಸಿಕೊಳ್ಳಬಹುದು, ಎಣಿಕೆಯೆಲ್ಲ ಮರೆತುಹೋಗುತ್ತದೆ. ಬಾಯಿ ಪೂರ್ತಿ ತೆರೆದ ಮೇಲೆ ಮುಕ್ಕುವ ಒತ್ತಡ ತಾನಾಗಿ ಬರುತ್ತದೆ. ಉಸಿರು ಬಿಗಿಹಿಡಿದು ಹತ್ತರವರೆಗೆ ಎಣಿಸುತ್ತ ಮುಕ್ಕಬೇಕೆಂಬ ಹಳೆಯ ಒತ್ತಾಯವನ್ನು ಬಿಟ್ಟು, ತಾಯಿಯು ತನ್ನ ಒತ್ತಡವನ್ನೇ ಅನುಸರಿಸಲು ಬಿಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮಗುವಿನ ತಲೆ ಕಾಣಿಸಿಕೊಂಡಾಗ ಮಾತ್ರ ಮುಕ್ಕುವುದನ್ನು ನಿಲ್ಲಿಸಿ, ಬಾಯಿ ತೆರೆದು ಹಗುರವಾಗಿ ಉಸಿರು ಬಿಡಲು ಹೇಳುವುದುಂಟು; ತಲೆ ಮೆಲ್ಲನೆ ಹೊರಬಂದರೆ ಹರಿಯುವ ಸಂಭವ ಕಡಿಮೆಯಾಗುತ್ತದೆ.

ತಾಯಂದಿರ ಅನುಭವ

ಉಸಿರಾಟದ ಕ್ರಮ ಅನುಸರಿಸಿದವರ ಅನುಭವಗಳು ಒಂದೇ ಬಗೆಯವಲ್ಲ. ಕೆಲವರು ನೋವಿಗಿಂತ ಹೆಚ್ಚಾಗಿ ತಾವು ಎಚ್ಚರವಾಗಿದ್ದುದನ್ನು, ಮಗು ಎದೆಯ ಮೇಲೆ ಬಂದ ಗಳಿಗೆಯನ್ನು ನೆನೆಯುತ್ತಾರೆ. ಕೆಲವರಿಗೆ ಅರ್ಧದವರೆಗೆ ಕ್ರಮ ನಡೆದು, ಆಮೇಲೆ ಕೈಕೊಡುತ್ತದೆ. ಆಗ ಪಕ್ಕದಲ್ಲಿದ್ದವರು ಕಣ್ಣಲ್ಲಿ ಕಣ್ಣಿಟ್ಟು ತಾವೂ ಉಸಿರಾಡಿ ತೋರಿಸಿದರೆ ಲಯ ಮರಳುತ್ತದೆ. ಇನ್ನು ಕೆಲವರಿಗೆ ಕಲಿತದ್ದೆಲ್ಲ ವ್ಯರ್ಥವೆನಿಸುತ್ತದೆ. ಕೂಗುವುದು, ನರಳುವುದು ಸೋಲಿನ ಲಕ್ಷಣಗಳಲ್ಲ. ತೆರೆದ ಬಾಯಿಂದ ಹೊರಡುವ ತಗ್ಗಿದ ನರಳಿಕೆಯೂ ದೀರ್ಘವಾಗಿ ಬಿಟ್ಟ ಉಸಿರೇ ಆಗಿದೆ.

ಈ ವಿಧಾನದ ಮೇಲಿರುವ ಮುಖ್ಯ ಆಕ್ಷೇಪವೂ ಅನುಭವಕ್ಕೆ ಸಂಬಂಧಿಸಿದ್ದೇ. 'ಸರಿಯಾಗಿ ಉಸಿರಾಡಿದರೆ ನೋವಾಗುವುದಿಲ್ಲ' ಎಂದು ಕಲಿಸಿದಾಗ, ನೋವಾದವಳು ತಪ್ಪು ತನ್ನದೆಂದುಕೊಳ್ಳುತ್ತಾಳೆ. ಎಪಿಡ್ಯೂರಲ್ ಚುಚ್ಚುಮದ್ದು ಕೇಳಿದ ಅಥವಾ ಸಿಸೇರಿಯನ್ ಆದ ತಾಯಿ ತಿಂಗಳುಗಟ್ಟಲೆ ಕೊರಗುವುದುಂಟು. ಬಾಣಂತಿ ಕೋಣೆಗೆ ಬಂದ ನೆಂಟರ 'ನಾರ್ಮಲ್ ಆಗಲಿಲ್ಲವೇ?' ಎಂಬ ಪ್ರಶ್ನೆ ಆ ಕೊರಗನ್ನು ಹೆಚ್ಚಿಸುತ್ತದೆ. ಮಗುವಿನ ಎದೆಬಡಿತ ಕುಸಿಯುವುದು, ತಲೆಗೆ ದಾರಿ ಸಾಲದಿರುವುದು, ರಕ್ತದೊತ್ತಡ ಏರುವುದು ಇವು ಯಾವುವೂ ಉಸಿರಿನ ಹತೋಟಿಗೆ ಬರುವಂಥವಲ್ಲ.

ಜೊತೆಗಿರುವವರು

ತಾಯಿಯ ಪಕ್ಕದಲ್ಲಿ ಎಡೆಬಿಡದೆ ಒಬ್ಬರಿದ್ದರೆ ಆಗುವ ಲಾಭಕ್ಕೆ ಉಸಿರಾಟಕ್ಕಿಂತಲೂ ಗಟ್ಟಿಯಾದ ಆಧಾರಗಳಿವೆ. 17 ದೇಶಗಳ 15,000ಕ್ಕೂ ಹೆಚ್ಚು ತಾಯಂದಿರನ್ನು ಒಳಗೊಂಡ 26 ಅಧ್ಯಯನಗಳ ಕಾಕ್ರೇನ್ ವಿಮರ್ಶೆಯು 2017ರಲ್ಲಿ, ಅಂತಹ ನೆರವು ದೊರೆತವರಲ್ಲಿ ಸಹಜ ಹೆರಿಗೆ ಹೆಚ್ಚೆಂದೂ ಸಿಸೇರಿಯನ್ ಕಡಿಮೆಯೆಂದೂ ತೋರಿಸಿತು. ಭಾರತ ಸರ್ಕಾರ 2016ರಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ ಸಂಗಾತಿಗೆ ಅವಕಾಶ ನೀಡಿತು. ಆ ಸಂಗಾತಿ ಸ್ವತಃ ಹೆತ್ತ ಅನುಭವವಿರುವ ಹೆಂಗಸಾಗಿರಬೇಕು. ಮರೆಯ ವ್ಯವಸ್ಥೆ ಇರುವಲ್ಲಿ ಗಂಡನೂ ಇರಬಹುದು.

ಇಲ್ಲಿ ಕರ್ನಾಟಕದ ರೂಢಿಗೂ ತರಗತಿಗಳ ಪಾಠಕ್ಕೂ ಒಂದು ಹೊಂದಾಣಿಕೆ ಬೇಕಾಗುತ್ತದೆ. ಪಾಶ್ಚಾತ್ಯ ಮಾದರಿಯ ತರಗತಿಗಳು ಗಂಡನಿಗೆ ಕಲಿಸುತ್ತವೆ. ಆದರೆ ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಹೋಗುವುದು ನಮ್ಮಲ್ಲಿ ಪದ್ಧತಿ. ಬೆಂಗಳೂರಿನಲ್ಲಿ ಪಾಠ ಕೇಳಿದ ಗಂಡ ಬೇನೆಯ ರಾತ್ರಿ ನೂರಾರು ಕಿಲೋಮೀಟರ್ ದೂರದಲ್ಲಿರಬಹುದು. ಅಂತಹವರು ಕಲಿತ ಕ್ರಮವನ್ನು ತಾಯಿಗೋ ಅಕ್ಕನಿಗೋ ಮೊದಲೇ ತೋರಿಸಿಕೊಟ್ಟು, ಅವರೊಡನೆ ಕೆಲವು ದಿನ ಅಭ್ಯಾಸ ಮಾಡುವುದು ಉಪಯುಕ್ತ. ಹೆರಿಗೆಗೆ ಸೇರುವ ಆಸ್ಪತ್ರೆಯಲ್ಲಿ ಸಂಗಾತಿಗೆ ಅವಕಾಶವಿದೆಯೇ, ಓಡಾಡಲು ಬಿಡುತ್ತಾರೆಯೇ ಎಂಬುದನ್ನೂ ಮುಂಚಿತವಾಗಿ ವಿಚಾರಿಸಬೇಕು.

2018ರ ಡಿಸೆಂಬರ್‌ನಲ್ಲಿ ಭಾರತ ಸರ್ಕಾರವು ಸೂಲಗಿತ್ತಿ ಸೇವೆಗಳ ಮಾರ್ಗಸೂಚಿಯನ್ನು ಹೊರತಂದು, ನೋಂದಾಯಿತ ದಾದಿಯರಿಗೆ ಹದಿನೆಂಟು ತಿಂಗಳ ವಿಶೇಷ ತರಬೇತಿಯನ್ನು ರೂಪಿಸಿತು. ತೊಡಕಿಲ್ಲದ ಹೆರಿಗೆಗಳನ್ನು ಆಸ್ಪತ್ರೆಯೊಳಗೇ, ತಾಯಿಯ ಪಕ್ಕದಲ್ಲಿದ್ದು ಮಾಡಿಸುವುದು ಇವರ ಕೆಲಸ. ನರಸಮ್ಮನವರು ತೀರಿಕೊಂಡದ್ದೂ ಅದೇ ತಿಂಗಳಿನಲ್ಲಿ.

ಎಚ್ಚರಿಕೆಗಳು

ಉಸಿರಾಟದ ಕ್ರಮವು ವೈದ್ಯಕೀಯ ನಿಗಾವಣೆಗೆ ಬದಲಿಯಲ್ಲ. ರಕ್ತಸ್ರಾವ, ತೀವ್ರ ತಲೆನೋವು ಅಥವಾ ಕಣ್ಣು ಮಂಜಾಗುವಿಕೆ, ಜ್ವರ, ಮಗುವಿನ ಅಲುಗಾಟ ಕಡಿಮೆಯಾಗುವಿಕೆ, ಒಡೆದ ನೆತ್ತಿನೀರು ಹಸಿರಾಗಿರುವಿಕೆ ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು; ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಬೇಕು. ಹೃದಯರೋಗ, ಉಬ್ಬಸ ಅಥವಾ ಅಧಿಕ ರಕ್ತದೊತ್ತಡವಿರುವವರು ವೈದ್ಯರನ್ನು ಕೇಳಿಯೇ ಅಭ್ಯಾಸ ಆರಂಭಿಸಬೇಕು. ಅಭ್ಯಾಸದ ನಡುವೆ ತಲೆ ಸುತ್ತಿದರೆ ಅಥವಾ ಬೆರಳು ಜುಮ್ಮೆಂದರೆ ಎಣಿಕೆಯನ್ನು ಬಿಟ್ಟು, ಎಡಮಗ್ಗುಲಾಗಿ ಮಲಗಿ, ಎಂದಿನಂತೆ ಉಸಿರಾಡಬೇಕು.